ಪೊರೆ ಬಲಿಯಲಿ ಎಂದು ಕಾದ ಕಣ್ಣು: ಬೀಳಗಿ ಕಡೆಯ ಒಂದು ಪ್ರಕರಣ

ರೋಗಿ 72 ವರ್ಷದ ಹೆಣ್ಣುಮಗಳು. ಬಾಗಲಕೋಟೆ ಜಿಲ್ಲೆಯ ಬೀಳಗಿ ಕಡೆಯವರು. ಹಳೆಯ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಪುನರ್ವಸತಿ ಕೇಂದ್ರದಲ್ಲಿ ವಾಸ. 14 ವರ್ಷದಿಂದ ಸಕ್ಕರೆ ಕಾಯಿಲೆ, 9 ವರ್ಷದಿಂದ ಬಿಪಿ. ಕಣ್ಣಿನ ವಿಭಾಗಕ್ಕೆ ಕರೆತಂದಾಗ ಬಲಗಣ್ಣು ಕೆಂಪಗೆ ಕೆಂಡವಾಗಿತ್ತು, ರೆಪ್ಪೆ ಊದಿತ್ತು, ಬಲ ಅರ್ಧ ತಲೆ ಸಿಡಿಯುತ್ತಿತ್ತು. ಊಟ ನಿಲ್ಲುತ್ತಿರಲಿಲ್ಲ, ವಾಂತಿ. ನೋವು ಶುರುವಾಗಿ ಅದು ಐದನೇ ದಿನ. ಮೊದಲ ನಾಲ್ಕು ದಿನ ಮನೆಯಲ್ಲಿ ಇದಕ್ಕೆ ಇಟ್ಟ ಹೆಸರು ಪಿತ್ತ: ಲಿಂಬೆಹಣ್ಣಿನ ಶರಬತ್ತು, ಗ್ಯಾಸಿನ ಗುಳಿಗೆ, ಊರಲ್ಲೇ ಒಂದು ವಾಂತಿ ನಿಲ್ಲುವ ಇಂಜೆಕ್ಷನ್, ಕಣ್ಣು ಕೆಂಪಗಿದೆ ಎಂದು ಮೆಡಿಕಲ್ ಅಂಗಡಿಯಿಂದ ತಂದ ಒಂದು ಹನಿ.

ಇದು ಒಬ್ಬರ ಕಡತದ ನಕಲಲ್ಲ. ಈ ಭಾಗದ ಕಣ್ಣಿನ ಒಪಿಡಿಗಳಲ್ಲಿ ಮತ್ತೆ ಮತ್ತೆ ಕಾಣುವ ಸ್ಥಿತಿಗಳನ್ನು ಒಬ್ಬ ರೋಗಿಯಲ್ಲಿ ಸೇರಿಸಿ ಕಟ್ಟಿದ ಮಾದರಿ ಪ್ರಕರಣ. ಅಂಕಿಗಳು ಇಂಥ ರೋಗಿಗಳಲ್ಲಿ ಸಾಮಾನ್ಯವಾಗಿ ಸಿಗುವಂಥವು.

ಹಿಂದಿನ ಐದು ವರ್ಷ

ಐದು ವರ್ಷದ ಹಿಂದೆ ಕೊಟ್ಟ ಕನ್ನಡಕ ಮನೆಯಲ್ಲೇ ಇತ್ತು. ದೂರದ ನಂಬರ್ ಎರಡೂ ಕಣ್ಣಿಗೆ +2.00, ಓದಲು ಇನ್ನೂ +2.50 ಹೆಚ್ಚು. ದೂರಕ್ಕೇ ಪ್ಲಸ್ ನಂಬರ್ ಇರುವ ಕಣ್ಣು ಸಾಮಾನ್ಯವಾಗಿ ಉದ್ದದಲ್ಲಿ ಗಿಡ್ಡ. ಗಿಡ್ಡ ಕಣ್ಣಿನಲ್ಲಿ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮತ್ತು ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಪರದೆ) ನಡುವಿನ ಜಾಗ ಮೊದಲೇ ಕಡಿಮೆ. ವಯಸ್ಸಾದಂತೆ ಒಳಗಿನ ಮಸೂರ ದಪ್ಪವಾಗುತ್ತ ಹೋಗುತ್ತದೆ, ಇದ್ದ ಜಾಗವೂ ಕಿರಿದಾಗುತ್ತದೆ. ಹೆಂಗಸರಲ್ಲಿ ಇದು ಗಂಡಸರಿಗಿಂತ ಹೆಚ್ಚು. ಕನ್ನಡಕದ ಅಂಗಡಿಯ ಚೀಟಿಯಲ್ಲೇ ಮೊದಲ ಸುಳಿವು ಇತ್ತು ಅನ್ನಿ.

ಎರಡು ವರ್ಷ ಕಳೆಯಿತು. ಕೌದಿ ಹೊಲಿಯುವಾಗ ಸೂಜಿಗೆ ದಾರ ಪೋಣಿಸಲು ಸೊಸೆಯನ್ನು ಕರೆಯುತ್ತಿದ್ದವರು ಕನ್ನಡಕವಿಲ್ಲದೆ ತಾವೇ ಪೋಣಿಸತೊಡಗಿದರು. ಜೋಳ ಹಸನ ಮಾಡುವಾಗ ಹರಳು ಕಾಣುತ್ತಿತ್ತು. "ನಮ್ಮ ಆಯಿಗೆ ಹರೇದ ಕಣ್ಣ ತಿರುಗಿ ಬಂದಾವ" ಎಂದು ಮನೆಮಂದಿ ಹಿಗ್ಗಿದರು. ಕಣ್ಣಿನವರಿಗೆ ಇದು ಗೊತ್ತಿರುವ ಆಟ. ಮಸೂರದ ನಡುಭಾಗ ಗಟ್ಟಿಯಾಗಿ ಹಳದಿಗೆ ತಿರುಗುವ ಪೊರೆಯಲ್ಲಿ ಮಸೂರದ ಶಕ್ತಿ ಹೆಚ್ಚುತ್ತದೆ, ಕಣ್ಣು ಮೈನಸ್ ಕಡೆ ವಾಲುತ್ತದೆ, ಹತ್ತಿರದ್ದು ಬರಿಗಣ್ಣಿಗೆ ಕಾಣುತ್ತದೆ. ದೂರದ ದೃಷ್ಟಿ ಮಾತ್ರ ಕೆಡುತ್ತ ಹೋಗುತ್ತದೆ. ಬಸ್ಸಿನ ಬೋರ್ಡು ಓದುವ ಅಭ್ಯಾಸ ಇಲ್ಲದವರಿಗೆ ಅದು ಗಮನಕ್ಕೇ ಬರುವುದಿಲ್ಲ. ಅರವತ್ತು ದಾಟಿದವರಿಗೆ ಚಾಳೀಸಿನ ಕನ್ನಡಕ ಇದ್ದಕ್ಕಿದ್ದಂತೆ ಬೇಡವಾದರೆ ಅದು ಸಂತೋಷದ ಸುದ್ದಿಯಲ್ಲ, ತಪಾಸಣೆಗೆ ಹೋಗಬೇಕಾದ ಕಾರಣ.

ವರ್ಷದ ಹಿಂದೆ ಒಂದು ಶಿಬಿರದಲ್ಲಿ ನೋಡಿ "ಎರಡೂ ಕಣ್ಣು ಪೊರೆ, ಬಲಗಣ್ಣು ಮೊದಲು ಆಪರೇಷನ್" ಎಂದು ಕಾರ್ಡಿನಲ್ಲಿ ಬರೆದರು. ಕಣ್ಣಿನ ಒತ್ತಡದ ಕಾಲಂ ಖಾಲಿ. ಮನೆಯಲ್ಲಿ ಮಾತು ಬೇರೆ ದಾರಿ ಹಿಡಿಯಿತು. "ಇನ್ನೂ ಪೂರಾ ಬಲತಿಲ್ಲ, ಬಲೀಲಿ." ಆಮೇಲೆ ಬೇಸಿಗೆ ಬಂತು, ಬಿಸಿಲಲ್ಲಿ ಕೀವು ಆಗುತ್ತದೆಂದು ಬಿಟ್ಟರು. ಮಳೆಗಾಲದಲ್ಲಿ ಹೊಲ. ಚಳಿಗಾಲ ಬಂದಾಗ ಸುಗ್ಗಿ ಮುಗಿಯಲಿ ಎಂದರು. ಬಿಳಿಜೋಳದ ರಾಶಿ ಮುಗಿದ ವಾರವೇ ಕಣ್ಣು ಕೆರಳಿತು.

ಬಲಿಯಲಿ ಅನ್ನುವ ಮಾತಿಗೆ ಹಳೆಯ ಆಧಾರ ಇದೆ. 10–12 ಮಿ.ಮೀ. ಕೊಯ್ದು ಮಸೂರವನ್ನು ಇಡಿಯಾಗಿ ತೆಗೆದು, ಹೊಲಿಗೆ ಹಾಕಿ, ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದ ಕಾಲದಲ್ಲಿ ಪೂರ್ತಿ ಕುರುಡಾಗುವ ತನಕ ಕಾಯುವುದು ಲೆಕ್ಕಕ್ಕೆ ಸರಿಯಿತ್ತು. ಈಗ 6–7 ಮಿ.ಮೀ. ಸುರಂಗದ ಹೊಲಿಗೆಯಿಲ್ಲದ ವಿಧಾನ ಇದೆ, 2.2–2.8 ಮಿ.ಮೀ. ಸೀಳಿನಿಂದ ಮಸೂರವನ್ನು ಒಳಗೇ ಪುಡಿಮಾಡಿ ಹೀರುವ ಫೇಕೋ ಇದೆ. ಬಲಿತಷ್ಟೂ ಆಪರೇಷನ್ ಕಷ್ಟವಾಗುತ್ತದೆಯೇ ಹೊರತು ಸುಲಭವಾಗುವುದಿಲ್ಲ. ಹವಾಮಾನಕ್ಕೂ ಫಲಿತಾಂಶಕ್ಕೂ ಸಂಬಂಧ ಉಳಿದಿಲ್ಲ.

ಐದನೇ ದಿನದ ತಪಾಸಣೆ

ಬಲಗಣ್ಣಿಗೆ ಬೆರಳು ಎಣಿಸಲು ಆಗಲಿಲ್ಲ, ಕೈ ಆಡಿಸಿದ್ದೂ ಕಾಣಲಿಲ್ಲ. ಟಾರ್ಚಿನ ಬೆಳಕು ಮಾತ್ರ ಗೊತ್ತಾಯಿತು. ನಾಲ್ಕು ದಿಕ್ಕಿನಿಂದ ಬೆಳಕು ಬಿಟ್ಟು ಎಲ್ಲಿಂದ ಬಂತು ಎಂದು ಕೇಳಿದಾಗ ಮೂಗಿನ ಕಡೆಯ ಬೆಳಕನ್ನು ಎರಡು ಸಲ ತಪ್ಪು ಹೇಳಿದರು. ಬರೀ ಪೊರೆಯಿದ್ದರೆ, ಅದು ಎಷ್ಟೇ ದಟ್ಟವಾಗಿರಲಿ, ಬೆಳಕಿನ ದಿಕ್ಕು ತಪ್ಪಬಾರದು. ತಪ್ಪಿದರೆ ರೆಟಿನಾ (ಕಣ್ಣಿನ ಹಿಂಬದಿಯ ಪರದೆ) ಅಥವಾ ನರ ಕೆಟ್ಟಿದೆ ಎಂದು ಅನುಮಾನ ಪಡಬೇಕು. ಯಾವ ಯಂತ್ರವೂ ಬೇಡದ ಈ ಪರೀಕ್ಷೆಯನ್ನು ಒಪಿಡಿ ಗದ್ದಲದಲ್ಲಿ ಹಾರಿಸಿಬಿಡುವುದೇ ಹೆಚ್ಚು.

ಕಾರ್ನಿಯಾ ಮಂಜು ಕವಿದಂತೆ ಊದಿತ್ತು. ಪಾಪೆ ಅರ್ಧ ಅಗಲವಾಗಿ, ಸುಮಾರು 5 ಮಿ.ಮೀ.ಗೆ ನಿಂತುಬಿಟ್ಟಿತ್ತು. ಬೆಳಕು ಬಿಟ್ಟರೂ ಅಲುಗಲಿಲ್ಲ. ಒಳಗೆ ಮಸೂರ ಅಚ್ಚ ಬಿಳಿ, ನೀರು ಕುಡಿದು ಉಬ್ಬಿ ಐರಿಸನ್ನು ಮುಂದಕ್ಕೆ ತಳ್ಳಿತ್ತು. ಒತ್ತಡ 52 ಮಿ.ಮೀ. ಪಾದರಸ. ಸಾಮಾನ್ಯ ಕಣ್ಣಿನಲ್ಲಿ ಇದು 10ರಿಂದ 21. ಎಡಗಣ್ಣಿನಲ್ಲಿ 18.

ಕಣ್ಣಿನೊಳಗೆ ನೀರು ನಿರಂತರ ಹುಟ್ಟುತ್ತದೆ, ಕಾರ್ನಿಯಾ–ಐರಿಸ್ ಸೇರುವ ಮೂಲೆಯಿಂದ ಹೊರಗೆ ಹರಿಯುತ್ತದೆ. ಉಬ್ಬಿದ ಮಸೂರ ಐರಿಸನ್ನು ಆ ಮೂಲೆಗೆ ಒತ್ತಿದರೆ ಬಚ್ಚಲ ಮೋರಿಗೆ ಅರಿವೆ ಸಿಕ್ಕಂತಾಗುತ್ತದೆ. ನೀರು ಬರುವುದು ನಿಲ್ಲದು, ಹೋಗುವುದು ನಿಂತಿತು. ಒತ್ತಡ ಗಂಟೆಗಳಲ್ಲಿ ಏರುತ್ತದೆ, ಕಣ್ಣಿನ ನರಕ್ಕೆ ರಕ್ತ ಸಾಲದಾಗುತ್ತದೆ. ಪೊರೆಯಿಂದಲೇ ಹುಟ್ಟಿದ ಗ್ಲಾಕೋಮಾ ಇದು. ಪೊರೆ ತೆಗೆದರೆ ಹೋದ ದೃಷ್ಟಿ ಮರಳುತ್ತದೆ. ಗ್ಲಾಕೋಮಾದಲ್ಲಿ ಸತ್ತ ನರದ ಎಳೆ ಮರಳುವುದಿಲ್ಲ.

ವಾಂತಿ ಬಂದದ್ದು ಹೊಟ್ಟೆಯಿಂದಲ್ಲ. ಒತ್ತಡ ಇಷ್ಟು ಏರಿದಾಗ ನೋವಿನ ಜೊತೆ ವಾಂತಿ ಬರುವುದು ಸಾಮಾನ್ಯ, ಎಷ್ಟೋ ಸಲ ರೋಗಿ ಕಣ್ಣಿನ ಮಾತೇ ಎತ್ತದೆ ತಲೆ, ಹೊಟ್ಟೆ ಅನ್ನುತ್ತಾನೆ. ಮಗ ಹೇಳಿದ್ದೂ ಅಷ್ಟೇ: "ತಲಿ ಅರ್ಧ ಸಿಡಿಯಾಕತ್ತೈತಿ ಅಂತಾಳ್ರಿ ಸರ, ಕುಡದ ನೀರೂ ನಿಂದ್ರವಲ್ದು. ಕಣ್ಣ ಆಮ್ಯಾಲ ಕೆಂಪಾತು ಅಂತ ನಾವು ಅದನ್ನ ಲೆಕ್ಕಕ್ಕ ತುಗೊಳ್ಳಲಿಲ್ಲ."

ಬಲಪಾಪೆ ನಿಂತುಹೋಗಿದ್ದರಿಂದ ನರದ ಪರೀಕ್ಷೆಗೆ ಒಂದು ಉಪಾಯ ಬೇಕಾಯಿತು. ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ತೂಗುತ್ತ ಎರಡೂ ಪಾಪೆ ನೋಡುವುದು ವಾಡಿಕೆ. ಒಂದು ಪಾಪೆ ಕೆಲಸ ಮಾಡದಿದ್ದರೆ ಒಳ್ಳೆಯ ಪಾಪೆಯೊಂದನ್ನೇ ನೋಡಬೇಕು. ಬಲಗಣ್ಣಿಗೆ ಬೆಳಕು ಬಿಟ್ಟಾಗ ಎಡಪಾಪೆ ಅಗಲವಾಯಿತು, ಎಡಗಣ್ಣಿಗೇ ಬಿಟ್ಟಾಗ ಕುಗ್ಗಿತು. ಅರ್ಥ: ಬಲಗಣ್ಣಿನ ನರದಿಂದ ಮಿದುಳಿಗೆ ಸುದ್ದಿ ಕಡಿಮೆ ಹೋಗುತ್ತಿದೆ. ಆಪರೇಷನ್ ಎಷ್ಟೇ ಚೆನ್ನಾಗಿ ಆದರೂ ದೃಷ್ಟಿ ಪೂರ್ತಿ ಬರುವುದಿಲ್ಲ ಎಂಬ ಮಾತನ್ನು ಮನೆಯವರಿಗೆ ಆಗಲೇ ಹೇಳಿ ಕೇಸ್ ಶೀಟಿನಲ್ಲಿ ಬರೆದಿಟ್ಟದ್ದು ಈ ಆಧಾರದ ಮೇಲೆ. ಮೊದಲು ಹೇಳಿದರೆ ಅದು ತಿಳಿವಳಿಕೆ, ಪಟ್ಟಿ ಬಿಚ್ಚಿದ ಮೇಲೆ ಹೇಳಿದರೆ ಜಗಳ.

ಒತ್ತಡ ಇಳಿಸಿದ ಕ್ರಮ

ಬಂದಾಗ ರಕ್ತದ ಸಕ್ಕರೆ 286, ಬಿಪಿ 170/100, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ 1.2, ತೂಕ 52 ಕೆ.ಜಿ. ಕುಡಿಸುವ ಗ್ಲಿಸರಾಲ್ ಒತ್ತಡ ಇಳಿಸುತ್ತದೆ, ಆದರೆ ಸಕ್ಕರೆ ಏರಿಸುತ್ತದೆ. ವಾಂತಿಯಲ್ಲಿ ಅದು ಒಳಗೆ ನಿಲ್ಲುವುದೂ ಇಲ್ಲ. ಹೀಗಾಗಿ ಶೇ 20ರ ಮ್ಯಾನಿಟಾಲ್. ಕೆ.ಜಿ.ಗೆ 1 ಗ್ರಾಂ ಲೆಕ್ಕದಲ್ಲಿ 52 ಗ್ರಾಂ, ಅಂದರೆ 260 ಮಿ.ಲೀ., 45 ನಿಮಿಷದಲ್ಲಿ ರಕ್ತನಾಳಕ್ಕೆ. ಹೃದಯ ದುರ್ಬಲವಿದ್ದರೆ ಅಥವಾ ಮೂತ್ರಪಿಂಡ ಕೈಕೊಟ್ಟಿದ್ದರೆ ಇದೇ ಔಷಧ ಶ್ವಾಸಕೋಶದಲ್ಲಿ ನೀರು ತುಂಬಿಸಬಲ್ಲದು. ಅದಕ್ಕೇ ಇಸಿಜಿ ಮತ್ತು ಕ್ರಿಯಾಟಿನಿನ್ ನೋಡಿದ ಮೇಲೆಯೇ ಬಾಟಲಿ ಏರಿಸುವುದು. ಜೊತೆಗೆ ಅಸಿಟಜೋಲಮೈಡ್ 250 ಮಿ.ಗ್ರಾಂನ ಎರಡು ಗುಳಿಗೆ, ಆಮೇಲೆ ಆರು ತಾಸಿಗೊಂದು. ಇದಕ್ಕೆ ಮೊದಲು ಸಲ್ಫಾ ಔಷಧದ ಅಲರ್ಜಿ ಕೇಳಬೇಕು. ಬೆರಳ ತುದಿ ಜುಮ್ಮೆನ್ನುವುದು ಸಾಮಾನ್ಯ, ಮೊದಲೇ ಹೇಳಿದರೆ ಗುಳಿಗೆ ಬಿಡುವುದಿಲ್ಲ. ಹನಿಗಳಲ್ಲಿ ಟಿಮೊಲಾಲ್ ಶೇ 0.5 ದಿನಕ್ಕೆ ಎರಡು ಸಲ, ದಮ್ಮು ಇಲ್ಲ ಮತ್ತು ನಾಡಿ ನಿಧಾನವಿಲ್ಲ ಎಂದು ಖಾತ್ರಿ ಮಾಡಿಕೊಂಡು. ಉರಿಯೂತಕ್ಕೆ ಪ್ರೆಡ್ನಿಸೊಲೋನ್ ಶೇ 1, ತಾಸಿಗೊಮ್ಮೆ.

ಪಾಪೆ ಕುಗ್ಗಿಸುವ ಪೈಲೋಕಾರ್ಪಿನ್ ಹನಿ ಹಾಕಲಿಲ್ಲ. ಮೂಲೆ ಮುಚ್ಚಿದ ಗ್ಲಾಕೋಮಾ ಎಂದೊಡನೆ ಕೈ ಅದರ ಕಡೆ ಹೋಗುತ್ತದೆ. ಉಬ್ಬಿದ ಮಸೂರವೇ ಕಾರಣವಾಗಿರುವಾಗ ಅದು ಮಸೂರವನ್ನು ಇನ್ನಷ್ಟು ಮುಂದಕ್ಕೆ ತಂದು ಕೆಡಿಸಬಹುದು.

ಎರಡು ತಾಸಿನ ನಂತರ ಒತ್ತಡ 34, ಮರುದಿನ ಬೆಳಿಗ್ಗೆ 21. ವಾಂತಿ ನಿಂತಿತು, ಅಜ್ಜಿ ಚಹಾ ಕೇಳಿದರು. ಅಪಾಯದ ಗಳಿಗೆ ಇದೇ. ನೋವು ಹೋಯಿತು, ಮನೆಗೆ ಕರೆದೊಯ್ದು ಆಮೇಲೆ ನೋಡೋಣ ಅನ್ನುವವರು ಇಲ್ಲೇ ಎದ್ದು ಹೋಗುತ್ತಾರೆ. ಔಷಧ ತಾತ್ಕಾಲಿಕ, ಮಸೂರ ಇನ್ನೂ ಉಬ್ಬಿಯೇ ಇದೆ. ಅದನ್ನು ತೆಗೆಯುವ ತನಕ ಚಿಕಿತ್ಸೆ ಮುಗಿದಿಲ್ಲ.

ಬಲಗಣ್ಣಿನ ಆಪರೇಷನ್

ಆಸ್ಪತ್ರೆಗೆ ಬಂದ ಎರಡನೇ ದಿನ ಆಪರೇಷನ್. ಅದಕ್ಕೆ ಮೊದಲು ಎರಡು ಅಳತೆ. ಬಿಳಿ ಮಸೂರದ ಹಿಂದೆ ಏನೂ ಕಾಣದ ಕಾರಣ ಬಿ–ಸ್ಕ್ಯಾನ್ (ಕಣ್ಣಿನ ಅಲ್ಟ್ರಾಸೌಂಡ್) ಮಾಡಿ ರೆಟಿನಾ ಕಳಚಿಲ್ಲ, ರಕ್ತ ತುಂಬಿಲ್ಲ ಎಂದು ನೋಡಿಕೊಳ್ಳಲಾಯಿತು. ಕೃತಕ ಲೆನ್ಸಿನ ನಂಬರಿಗೆ ಎ–ಸ್ಕ್ಯಾನ್. ಕಣ್ಣಿನ ಉದ್ದ ಬಲಕ್ಕೆ 21.8 ಮಿ.ಮೀ., ಎಡಕ್ಕೆ 21.9. ಎರಡು ಕಣ್ಣಿನ ನಡುವೆ 0.3 ಮಿ.ಮೀ.ಗಿಂತ ಹೆಚ್ಚು ಅಂತರ ಬಂದರೆ ಮತ್ತೆ ಅಳೆಯುವುದು ಒಳ್ಳೆಯದು. ಪ್ರೋಬನ್ನು ಕಾರ್ನಿಯಾಕ್ಕೆ ಒತ್ತಿ ಹಿಡಿದರೆ ಕಣ್ಣು ಗಿಡ್ಡ ಎಂದು ಅಳತೆ ಬರುತ್ತದೆ, 1 ಮಿ.ಮೀ. ತಪ್ಪಿದರೆ ನಂಬರ್ ಎರಡೂವರೆ ಡಯಾಪ್ಟರಿಗೂ ಮೇಲೆ ತಪ್ಪುತ್ತದೆ. ಗಿಡ್ಡ ಕಣ್ಣಿನಲ್ಲಿ ಈ ತಪ್ಪು ಇನ್ನೂ ದುಬಾರಿ. ಇಲ್ಲಿ +25.0ರ ಲೆನ್ಸ್ ಬಂತು.

ಉಬ್ಬಿದ ಬಿಳಿ ಪೊರೆಯಲ್ಲಿ ಮೊದಲ ಎರಡು ನಿಮಿಷವೇ ಪರೀಕ್ಷೆ. ಮಸೂರದ ಮುಂದಿನ ತೆಳು ಚೀಲ ಒಳಗಿನ ಒತ್ತಡಕ್ಕೆ ಬಿಗಿದು ನಿಂತಿರುತ್ತದೆ. ಸೂಜಿ ತಾಗಿಸಿದ ಕೂಡಲೇ ಅದು ಅಂಚಿನವರೆಗೆ ಸೀಳಿಕೊಂಡು ಹೋಗಬಹುದು. ಆದ್ದರಿಂದ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಚೀಲವನ್ನು ನೀಲಿ ಮಾಡಿ, ಮುಂದಿನ ಕೋಣೆಯನ್ನು ದಪ್ಪ ಜೆಲ್‌ನಿಂದ ತುಂಬಿ, ಸಣ್ಣ ಸೂಜಿಯಿಂದ ನಡುವೆ ಚುಚ್ಚಿ ಹಾಲಿನಂಥ ದ್ರವ ಹೀರಿ ಒತ್ತಡ ಇಳಿಸಿಕೊಂಡ ಮೇಲೆ ಚೀಲ ತೆರೆದರು. ಸುರಂಗದ ದಾರಿಯಿಂದ ಮಸೂರದ ಗಟ್ಟಿ ಗಡ್ಡೆ ಹೊರಗೆ ಬಂತು, ಲೆನ್ಸ್ ಚೀಲದೊಳಗೇ ಕೂತಿತು. ಕಾರ್ನಿಯಾ ಊದಿರುವಾಗ ಫೇಕೋಗೇ ಹಟ ಹಿಡಿಯಲಿಲ್ಲ. ಇಂಥ ಕಣ್ಣಿಗೆ ಸುರಂಗದ ವಿಧಾನವೇ ಕ್ಷೇಮ.

ವಾರದ ಮೇಲೆ ಕಾರ್ನಿಯಾ ತಿಳಿಯಾಯಿತು, ಒತ್ತಡ 14. ಒಳಗೆ ನೋಡಿದರೆ ನರದ ತಟ್ಟೆ ಬಿಳಿಚಿಕೊಂಡಿತ್ತು. ಆರು ವಾರದ ನಂತರ ಕನ್ನಡಕ ಹಾಕಿಯೂ 6/60, ಅಂದರೆ ಒಳ್ಳೆಯ ಕಣ್ಣು 60 ಮೀಟರಿನಿಂದ ಓದುವ ಅಕ್ಷರ ಇದಕ್ಕೆ 6 ಮೀಟರಿನಿಂದ ಮಾತ್ರ. ದೃಷ್ಟಿಯ ಹರವು ಮೂಗಿನ ಕಡೆ ಕತ್ತರಿಸಿದಂತೆ ಇತ್ತು. ಟಾರ್ಚಿನ ಬೆಳಕು ಮೊದಲ ದಿನ ತಪ್ಪಿದ್ದೂ ಅದೇ ಕಡೆ. ಈ ಕಣ್ಣಿನ ದೃಷ್ಟಿ ಇಷ್ಟಕ್ಕೇ ನಿಂತಿತು.

ಎಡಗಣ್ಣು

ಮನೆಯವರ ದೃಷ್ಟಿಯಲ್ಲಿ ಎಡಗಣ್ಣು "ಅಷ್ಟೇನೂ ಇಲ್ಲ, ಅದೂ ಪೊರಿ". 6/36, ಸೂಜಿರಂಧ್ರದಲ್ಲಿ ನೋಡಿಸಿದರೆ 6/24. ಪೊರೆ ನಡುಮಟ್ಟದ್ದು. ಇಷ್ಟು ಪೊರೆಗೆ 6/12, ತೀರ ಕೆಟ್ಟರೂ 6/18 ಕಾಣಬೇಕಿತ್ತು. ಪೊರೆಯ ದಟ್ಟಣೆಗೂ ದೃಷ್ಟಿಯ ನಷ್ಟಕ್ಕೂ ಲೆಕ್ಕ ಹೊಂದದಿದ್ದಾಗ ಹಿಂದೆ ಇನ್ನೊಂದು ಕಾಯಿಲೆ ಕೂತಿದೆ ಎಂದೇ ಹುಡುಕಬೇಕು.

ಹುಡುಕಲು ಪಾಪೆ ಅಗಲ ಮಾಡುವ ಹನಿ ಬೇಕು. ಇಲ್ಲಿ ಅದನ್ನು ಸೀದಾ ಹಾಕುವಂತಿರಲಿಲ್ಲ. ಮೂಲೆಯನ್ನು ನೇರ ನೋಡುವ ಪರೀಕ್ಷೆಯಾದ ಗೋನಿಯೋಸ್ಕೋಪಿಯಲ್ಲಿ ಅದು ಬಹುಪಾಲು ಮುಚ್ಚಿಕೊಂಡಿತ್ತು. ಹನಿ ಹಾಕಿದರೆ ಬಲಗಣ್ಣಿಗೆ ಆದದ್ದೇ ಎಡಗಣ್ಣಿಗೂ ಆಗುವ ಸಂಭವ. ಮೊದಲು ಯಾಗ್ ಲೇಸರಿನಿಂದ ಐರಿಸಿನ ಮೇಲಂಚಿನಲ್ಲಿ ಒಂದು ಸಣ್ಣ ರಂಧ್ರ ಮಾಡಿ ನೀರಿಗೆ ಬೇರೆ ದಾರಿ ಕೊಟ್ಟರು. ಹನಿ ಅರಿವಳಿಕೆಯಲ್ಲಿ ಐದು–ಹತ್ತು ನಿಮಿಷದ ಕೆಲಸ, ಮಾಡಿಸಿಕೊಂಡು ಅದೇ ದಿನ ಮನೆಗೆ ಹೋಗಬಹುದು. ತಾಸಿನ ಮೇಲೆ ಒತ್ತಡ ಮತ್ತೆ ನೋಡಬೇಕು, ಲೇಸರ್ ಆದ ಕೂಡಲೇ ಕೆಲವರಿಗೆ ಅದು ಏರುತ್ತದೆ. ವಾರ ಬಿಟ್ಟು ಮೂಲೆ ತೆರೆದದ್ದು ಖಾತ್ರಿಯಾದ ಮೇಲೆ ಪಾಪೆ ಅಗಲಿಸಿದರು.

ರೆಟಿನಾದಲ್ಲಿ ಚುಕ್ಕೆ ರಕ್ತಸ್ರಾವ, ಹಳದಿ ಕೊಬ್ಬಿನ ಕಣ, ನಟ್ಟನಡುವೆ ಊತ. ರೆಟಿನಾದ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನಿನಲ್ಲಿ ನಡುಭಾಗದ ದಪ್ಪ 412 ಮೈಕ್ರಾನ್, ಒಳಗೆ ನೀರಿನ ಗುಳ್ಳೆಗಳು. ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆಯ ಫಲ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 9.4.

ಈ ವಯಸ್ಸಿನಲ್ಲಿ ನಡುದೃಷ್ಟಿ ಹೋದರೆ ಮುಪ್ಪಿನಿಂದ ಮ್ಯಾಕ್ಯುಲಾ (ರೆಟಿನಾದ ನಟ್ಟನಡುವಿನ ಭಾಗ) ಸವೆಯುವುದನ್ನೂ ನೆನಪಿನಲ್ಲಿಡಬೇಕು. ಎರಡರಲ್ಲೂ ಬಾಗಿಲ ಚೌಕಟ್ಟು, ಲೈಟಿನ ಕಂಬ ಡೊಂಕಾಗಿ ಕಾಣುತ್ತವೆ. ನೋಡಿದ ಮುಖದ ನಡುವೆ ಮಸಿ ಬಳಿದಂತಾಗುತ್ತದೆ. ಒಂದು ಕಣ್ಣು ಮುಚ್ಚಿ ಚೌಕಳಿ ಹಾಳೆ ನೋಡಿಸಿದರೆ ಗೆರೆ ಬಾಗಿದ್ದು ರೋಗಿಗೇ ತಿಳಿಯುತ್ತದೆ. ಎರಡೂ ಕಣ್ಣು ತೆರೆದಿದ್ದರೆ ಒಳ್ಳೆಯ ಕಣ್ಣು ಎಲ್ಲವನ್ನೂ ಮುಚ್ಚಿಹಾಕುತ್ತದೆ. ಇವರಲ್ಲಿ ಮುಪ್ಪಿನ ಸವೆತದ ಹಳದಿ ದಿಬ್ಬಗಳು ಒಸಿಟಿಯಲ್ಲಿ ಇರಲಿಲ್ಲ, ಸಕ್ಕರೆಯ ಗುರುತುಗಳು ಎಲ್ಲೆಡೆ ಇದ್ದವು.

ಈಗ ಯಾವುದು ಮೊದಲು? ಮಗನ ಕೋರಿಕೆ, "ಇದನ್ನೂ ಇದ ವಾರದಾಗ ಆಪರೇಷನ್ ಮಾಡಿ ಕಳಿಸ್ರಿ, ಪದೇ ಪದೇ ಬರಾಕ ಆಗೂದಿಲ್ಲ." ಒಪ್ಪಲಿಲ್ಲ. ಮ್ಯಾಕ್ಯುಲಾ ಊದಿರುವಾಗ ಪೊರೆ ತೆಗೆದರೆ ಆಪರೇಷನ್ನಿನ ಉರಿಯೂತ ಊತವನ್ನು ಹೆಚ್ಚಿಸುತ್ತದೆ. "ಆಪರೇಷನ್ ಆದ ಮ್ಯಾಲ ಕಣ್ಣ ಕೆಟ್ಟಿತು" ಎಂಬ ದೂರುಗಳಲ್ಲಿ ಹಲವು ಇಲ್ಲಿಂದಲೇ ಹುಟ್ಟುತ್ತವೆ. ಮೊದಲು ಊತ, ಆಮೇಲೆ ಪೊರೆ ಎಂದು ಗೊತ್ತುಮಾಡಿದರು. ತಿಂಗಳಿಗೊಂದರಂತೆ ಮೂರು ಸಲ ಕಣ್ಣಿನೊಳಗೆ ಊತ ಇಳಿಸುವ ಬೆವಸಿಜುಮ್ಯಾಬ್ ಇಂಜೆಕ್ಷನ್, ಪ್ರತಿ ಸಲ 1.25 ಮಿ.ಗ್ರಾಂ, ಅಂದರೆ 0.05 ಮಿ.ಲೀ.

ಕಣ್ಣಿಗೆ ಸೂಜಿ ಎಂದೊಡನೆ ಅಜ್ಜಿ ಹೆದರಿದ್ದು ಸಹಜ. ನಡೆಯುವುದು ಇಷ್ಟು: ಅರಿವಳಿಕೆಯ ಹನಿ, ಶೇ 5ರ ಪೋವಿಡೋನ್ ಅಯೋಡಿನ್ ಕಣ್ಣಿಗೆ ಬಿಟ್ಟು ಕೆಲ ಹೊತ್ತು ಕಾಯುವುದು, ರೆಪ್ಪೆ ತೆರೆದಿಡುವ ಕ್ಲಿಪ್ಪು, ಕಾರ್ನಿಯಾ ಅಂಚಿನಿಂದ 4 ಮಿ.ಮೀ. ಹಿಂದೆ 30 ಗೇಜಿನ ಸೂಜಿ. ಕೃತಕ ಲೆನ್ಸ್ ಇರುವ ಕಣ್ಣಾದರೆ 3.5 ಮಿ.ಮೀ. ಚುಚ್ಚಿದ್ದು ಒಂದು ಒತ್ತಿದಂತೆ ಅನಿಸುತ್ತದೆ, ಉರಿಯುವುದು ಅಯೋಡಿನ್ನಿನಿಂದ. ಎರಡು ದಿನ ಕರಿ ಚುಕ್ಕೆ ತೇಲಿದರೆ ಚಿಂತೆಯಿಲ್ಲ. ಎರಡರಿಂದ ಐದನೇ ದಿನದೊಳಗೆ ನೋವು ಹೆಚ್ಚಿ, ದೃಷ್ಟಿ ಇಳಿದು, ಕಣ್ಣು ಕೆಂಪೇರಿದರೆ ಅದು ಸೋಂಕು. ಅವತ್ತೇ ಬರಬೇಕು, ಸೋಮವಾರದ ಒಪಿಡಿಗೆ ಕಾಯುವಂತಿಲ್ಲ.

ಸಕ್ಕರೆ ಗುಳಿಗೆಯನ್ನು ಫಿಜಿಶಿಯನ್ ಬದಲಿಸಿ ರಾತ್ರಿ ಇನ್ಸುಲಿನ್ ಸೇರಿಸಿದರು, ಬಿಪಿ 140ರ ಒಳಗೆ ತಂದರು. ಮೂರು ಇಂಜೆಕ್ಷನ್ನಿನ ನಂತರ ದಪ್ಪ 288 ಮೈಕ್ರಾನ್, ದೃಷ್ಟಿ 6/18. ಉಳಿದದ್ದು ಪೊರೆಯ ಪಾಲು. ಐದನೇ ತಿಂಗಳು ಫೇಕೋ, ಅದೇ ಕೂರಿಕೆಯಲ್ಲಿ ಇನ್ನೊಂದು ಇಂಜೆಕ್ಷನ್. ಆರು ವಾರಕ್ಕೆ ಕನ್ನಡಕದೊಂದಿಗೆ 6/9.

ಮನೆಯಲ್ಲಿ ನಡೆದದ್ದು

ಆಪರೇಷನ್ ನಂತರ ಕಣ್ಣು ಕೆಡುವುದು ಸಾಮಾನ್ಯವಾಗಿ ಹನಿಯ ವಿಷಯದಲ್ಲಿ. ಸ್ಟೆರಾಯ್ಡ್ ಹನಿ ಮೊದಲ ವಾರ ದಿನಕ್ಕೆ ಆರು ಸಲ, ಆಮೇಲೆ ವಾರಕ್ಕೊಂದು ಸಲ ಕಡಿಮೆ ಮಾಡುತ್ತ ಆರು ವಾರಕ್ಕೆ ನಿಲ್ಲಬೇಕು. ಕಣ್ಣು ಬಿಳಿಯಾಯಿತೆಂದು ಎರಡನೇ ವಾರಕ್ಕೇ ಬಿಟ್ಟರೆ ಉರಿಯೂತ ಮರುಕಳಿಸುತ್ತದೆ. ಚೆನ್ನಾಗಿ ಒಗ್ಗಿದೆ ಎಂದು ಮೂರು ತಿಂಗಳು ಹಾಕಿದರೆ ಒತ್ತಡ ಏರುತ್ತದೆ. ಮೊದಲ ದಿನಗಳಲ್ಲಿ ಅಂಗಡಿಯಿಂದ ತಂದ ಹನಿಯೂ ಆ್ಯಂಟಿಬಯೋಟಿಕ್ ಜೊತೆ ಡೆಕ್ಸಾಮೆಥಸೋನ್ ಬೆರೆತದ್ದೇ. ನಾಲ್ಕು ದಿನಕ್ಕೆ ಅದು ಹಾನಿ ಮಾಡಿರಲಾರದು, ಮಾಡಿದ ಕೆಡುಕು ಬೇರೆ: ಕೆಂಪು ತುಸು ಕಡಿಮೆ ಮಾಡಿ ಮನೆಯವರನ್ನು ಸುಮ್ಮನಿರಿಸಿತು.

ಹಾಕುವ ರೀತಿ ಸೊಸೆಗೆ ಮಾಡಿ ತೋರಿಸಿದರು. ಕೈ ಸೋಪಿನಿಂದ ತೊಳೆದು, ಅಜ್ಜಿಯನ್ನು ಅಂಗಾತ ಮಲಗಿಸಿ, ಕೆಳರೆಪ್ಪೆ ಎಳೆದು, ಬಾಟಲಿ ತುದಿ ರೆಪ್ಪೆಗೆ ತಾಗದಂತೆ ಒಂದೇ ಹನಿ. ಕಣ್ಣು ಮುಚ್ಚಿಸಿ ಮೂಗಿನ ಕಡೆಯ ಮೂಲೆಯನ್ನು ಎರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಇಲ್ಲವಾದರೆ ಟಿಮೊಲಾಲ್ ಗಂಟಲಿಗಿಳಿದು ರಕ್ತ ಸೇರುತ್ತದೆ. ಎರಡು ಬೇರೆ ಹನಿಗಳ ನಡುವೆ ಐದು ನಿಮಿಷ. ಬಾಟಲಿ ತೆರೆದ ತಾರೀಕು ಅದರ ಮೇಲೇ ಬರೆದು ತಿಂಗಳಿಗೆ ಬಿಸಾಡುವುದು. ಎರಡು ವಾರ ತಲೆಯ ಮೇಲಿಂದ ನೀರು ಇಲ್ಲ, ಒಲೆಯ ಮುಂದೆ ಊದುವುದಿಲ್ಲ. ನಂದಿಬಟ್ಟಲ ಹೂವಿನ ರಸ, ಜೇನು, ಹರಳೆಣ್ಣೆ ಕಣ್ಣಿಗೆ ಎಂದಿಗೂ ಇಲ್ಲ. ಓಣಿಯ ಹಿರಿಯರೊಬ್ಬರು ಜೇನು ತಂದುಕೊಟ್ಟಿದ್ದರು. ಸೊಸೆ ಅದನ್ನು ರೊಟ್ಟಿಗೆ ಹಚ್ಚಿ ಮಕ್ಕಳಿಗೆ ಕೊಟ್ಟಳು.

ಎಲ್ಲಿ ತಡೆಯಬಹುದಿತ್ತು

ಪೊರೆ ಎಂದುಕೊಂಡ ಮನೆಯವರದ್ದು ಪೆದ್ದುತನವಲ್ಲ. 2015–19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 50 ದಾಟಿದವರ ಅಂಧತ್ವದ ಶೇ 66.2ಕ್ಕೆ ಕಾರಣ ಪೊರೆ. ಮೂವರಲ್ಲಿ ಇಬ್ಬರ ವಿಷಯದಲ್ಲಿ ಊಹೆ ಸರಿಯೇ ಆಗುತ್ತದೆ. ತೊಡಕು ಏನೆಂದರೆ ಪೊರೆ ಇದೆ ಅಂದಮಾತ್ರಕ್ಕೆ ಬೇರೆ ಇಲ್ಲ ಎಂದಲ್ಲ. ಈ ಒಬ್ಬರ ಎರಡು ಕಣ್ಣಿನಲ್ಲಿ ಪೊರೆ, ಕಿರಿದಾದ ಮೂಲೆ, ಒತ್ತಡ, ಸಕ್ಕರೆಯ ಊತ, ನಾಲ್ಕೂ ಇದ್ದವು. ಬಿಳಿಯಾಗಿ ಹೊರಗೆ ಕಾಣುವುದು ಮೊದಲನೆಯದೊಂದೇ.

ಶಿಬಿರದಲ್ಲಿ ಒತ್ತಡ ಅಳೆಯುವ ಯಂತ್ರ ಇರದಿದ್ದರೂ ಟಾರ್ಚ್ ಇತ್ತು. ಕಿವಿಯ ಕಡೆಯಿಂದ, ಐರಿಸಿಗೆ ಸಮಾಂತರವಾಗಿ ಬೆಳಕು ಬಿಟ್ಟರೆ ಆಳವಾದ ಕಣ್ಣಿನಲ್ಲಿ ಇಡೀ ಐರಿಸ್ ಬೆಳಗುತ್ತದೆ. ಜಾಗ ಕಡಿಮೆಯಿದ್ದರೆ ಐರಿಸ್ ಮುಂದಕ್ಕೆ ಉಬ್ಬಿರುವುದರಿಂದ ಮೂಗಿನ ಕಡೆಯ ಅರ್ಧದಲ್ಲಿ ನೆರಳು ಬೀಳುತ್ತದೆ. ಅರ್ಧ ನಿಮಿಷದ ಕೆಲಸ. ನೆರಳು ಬಿದ್ದವರಿಗೆ ಪಾಪೆ ಅಗಲಿಸುವ ಹನಿ ಹಾಕಬಾರದು, "ಒತ್ತಡ ನೋಡಿಸಿ" ಎಂದು ಕಾರ್ಡಿನಲ್ಲಿ ಬರೆದು ಕಳಿಸಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಲೆನೋವು–ವಾಂತಿಯ ಮುದುಕರು ಬಂದರೆ ಎರಡು ಬೆರಳು ಸಾಕು. ಕೆಳಗೆ ನೋಡಲು ಹೇಳಿ, ಮೇಲ್ರೆಪ್ಪೆಯ ಮೇಲೆ ಎರಡೂ ತೋರುಬೆರಳಿಟ್ಟು ಒಂದಾದ ಮೇಲೊಂದು ಮೆಲ್ಲಗೆ ಒತ್ತಿ ನೋಡುವುದು, ಆಚೆ ಕಣ್ಣಿನೊಂದಿಗೆ ಹೋಲಿಸುವುದು. ಒತ್ತಡ 50 ದಾಟಿದ ಕಣ್ಣು ಹಣೆಯಷ್ಟು ಗಟ್ಟಿ ಸಿಗುತ್ತದೆ. ಕಣ್ಣಿಗೆ ಪೆಟ್ಟು ಬಿದ್ದವರಲ್ಲಿ, ಇತ್ತೀಚೆಗೆ ಆಪರೇಷನ್ ಆದವರಲ್ಲಿ ಇದನ್ನು ಮಾಡಬಾರದು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಅನುಮಾನ ಬಂದರೆ ಒಂದು ಬಸ್ಸಿನ ದಾರಿ. ಕಳಿಸುವ ಮುಂಚೆ ಅಸಿಟಜೋಲಮೈಡ್ ಗುಳಿಗೆ ಕೊಡುವುದು ಪಿಎಚ್‌ಸಿ ವೈದ್ಯರ ಕೈಯಲ್ಲಿದೆ, ದಾರಿಯ ಎರಡು ತಾಸೂ ಕಣ್ಣಿಗೆ ಲಾಭವೇ.

ಸಕ್ಕರೆ ಕಾಯಿಲೆಯ ಕಡತ ಇನ್ನೂ ಬೇಸರ ತರಿಸುತ್ತದೆ. ಹದಿನಾಲ್ಕು ವರ್ಷ ತಿಂಗಳಿಗೊಮ್ಮೆ ಗುಳಿಗೆ ಒಯ್ದಿದ್ದಾರೆ, ಒಮ್ಮೆಯೂ ಯಾರೂ ರೆಟಿನಾ ನೋಡಿಲ್ಲ. ಎರಡನೇ ಬಗೆಯ ಸಕ್ಕರೆ ಕಾಯಿಲೆ ಗೊತ್ತಾದ ವರ್ಷವೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪಾಪೆ ಅಗಲಿಸಿ ನೋಡಬೇಕೆಂಬುದು ನಿಯಮ. ದೃಷ್ಟಿ ಚೆನ್ನಾಗಿದ್ದರೂ ನೋಡಬೇಕು, ಏಕೆಂದರೆ ನಡುಭಾಗ ಊದುವ ತನಕ ರೋಗಿಗೆ ಏನೂ ತಿಳಿಯುವುದಿಲ್ಲ.

ಈಗಿನ ಸ್ಥಿತಿ

ಎಡಗಣ್ಣಿಗೆ ಮೂರು ತಿಂಗಳಿಗೊಮ್ಮೆ ಒಸಿಟಿ. ಊತ ಮರಳಿದರೆ ಮತ್ತೆ ಇಂಜೆಕ್ಷನ್, ಇದು ಒಮ್ಮೆಗೆ ಮುಗಿಯುವ ಚಿಕಿತ್ಸೆಯಲ್ಲ. ತಿಂಗಳುಗಳ ಮೇಲೆ ಈ ಕಣ್ಣು ಮತ್ತೆ ಮಂಜಾದರೆ "ಪೊರಿ ತಿರುಗಿ ಬಂತು" ಅನ್ನುತ್ತಾರೆ. ಪೊರೆ ತಿರುಗಿ ಬರುವುದಿಲ್ಲ, ಲೆನ್ಸಿನ ಹಿಂದಿನ ಚೀಲ ಮಂಕಾಗುತ್ತದೆ, ಯಾಗ್ ಲೇಸರಿನಿಂದ ಕೆಲವೇ ನಿಮಿಷದಲ್ಲಿ ತೆರವು ಮಾಡಬಹುದು. ಬಲಗಣ್ಣಿಗೆ ಟಿಮೊಲಾಲ್ ಮುಂದುವರಿದಿದೆ, ನಾಲ್ಕು ತಿಂಗಳಿಗೊಮ್ಮೆ ಒತ್ತಡ ನೋಡುತ್ತಾರೆ. ಉಳಿದ 6/60 ಕೂಡ ಹೋಗಬಾರದು.

ಬಲಗಡೆಯಿಂದ ಬರುವ ಸೈಕಲ್ಲು, ದನ ತಡವಾಗಿ ಕಾಣುತ್ತವೆ. ಲೋಟಕ್ಕೆ ಚಹಾ ಸುರಿಯುವಾಗ ಅಂತರ ತಪ್ಪುತ್ತದೆ. ಲೋಟದ ಅಂಚಿಗೆ ಪಾತ್ರೆಯ ಅಂಚು ತಾಗಿಸಿ ಸುರಿಯಲು, ಕಟ್ಟೆ ಇಳಿಯುವಾಗ ಗೋಡೆ ಹಿಡಿಯಲು ಹೇಳಿಕೊಟ್ಟಿದ್ದಾರೆ. ಅಂಗವೈಕಲ್ಯ ಪಿಂಚಣಿ ಬರುತ್ತದೆಯೇ ಎಂದು ಮಗ ವಿಚಾರಿಸಿದ. ಎಡಗಣ್ಣು 6/9 ಇರುವಾಗ ಪ್ರಮಾಣ ಬೇಕಾದ ಶೇ 40ರ ಹತ್ತಿರಕ್ಕೂ ಬರುವುದಿಲ್ಲ.

ಮೂಲೆ ಕಿರಿದಾಗಿರುವುದು ಮನೆತನದಲ್ಲಿ ಹರಿದು ಬರುವ ಗುಣವಾದ್ದರಿಂದ ಇಬ್ಬರು ಹೆಣ್ಣುಮಕ್ಕಳನ್ನೂ ಕರೆಸಿ ನೋಡಿದರು. ಹಿರಿಯವಳಿಗೆ 49, ದೂರಕ್ಕೆ +1.75ರ ಕನ್ನಡಕ, ಟಾರ್ಚ್ ಪರೀಕ್ಷೆಯಲ್ಲಿ ಮೂಗಿನ ಕಡೆ ನೆರಳು, ಒತ್ತಡ 19. ಎರಡೂ ಕಣ್ಣಿಗೆ ಲೇಸರ್ ಮಾಡಲಾಗಿದೆ. ಕಿರಿಯವಳ ಮೂಲೆ ತೆರೆದಿದೆ, ಎರಡು ವರ್ಷ ಬಿಟ್ಟು ಮತ್ತೆ ಬರಲು ಹೇಳಿದ್ದಾರೆ.